ಹಸೆಗೋಡೇನ ಗೌನಿನ ಮೇಲೆ ಹೊಲಿದಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಡಿಸೈನರ್ ಗಿಸೈನರ್ ಎಲ್ಲ ಅಲ್ಲ. ಶಿವಮೊಗ್ಗದ ದುರ್ಗಿಗುಡಿ ಹತ್ರ ಒಂದು ಅಂಗಡೀಲಿ ಬ್ಲೌಸ್ ಹೊಲಿಯೋಳು, ಊರು ಸಾಗರದ ಕಡೆ. ಈ ಕಾಸ್ಪ್ಲೇ ಅನ್ನೋದು ಗೊತ್ತಾಗಿದ್ದು ನಮ್ಮ ತಮ್ಮನಿಂದ, ಅವ್ನು ಬೆಂಗಳೂರಲ್ಲಿ ಓದೋವಾಗ ಒಂದು ಸಲ ಕರ್ಕೊಂಡು ಹೋಗಿದ್ದ, ಜನ ಗೇಮ್‌ದು, ಕಾಮಿಕ್ಸ್‌ದು ಪಾತ್ರಗಳ ವೇಷ ಹಾಕ್ಕೊಂಡು ಓಡಾಡ್ತಿದ್ರು, ಯಕ್ಷಗಾನ ನೋಡಿ ಬೆಳೆದೋರಿಗೆ ವೇಷ ಎಂತ ಹೊಸದಲ್ಲ ಬಿಡಿ, ಆದ್ರೆ ಅಲ್ಲಿ ವೇಷ ಹೊಲಿದಿದ್ದಕ್ಕೇ ಬೇರೆ ಬಹುಮಾನ ಇತ್ತು. ಒಳಗಿನ ಹೊಲಿಗೆ ತಿರುಗಿಸಿ ನೋಡ್ತಾರೆ ಅಂದ ತಕ್ಷಣ ನಂಗೆ ಆಸೆ ಆಗಿದ್ದು. ನಮ್ಮ ಗಿರಾಕಿಗಳು ಯಾರೂ ಒಳಗೆ ತಿರುಗಿಸಿ ನೋಡಲ್ಲ ಮಾರಾಯ್ರೆ, ಕಂಕುಳ ಹತ್ರ ಬಿಗಿ ಆಗುತ್ತೆ ಅಂತಷ್ಟೇ ಹೇಳ್ತಾರೆ.

ನಾನು ಮಾಡಿದ್ದು ಯಾವ ಗೇಮಿನ ಪಾತ್ರನೂ ಅಲ್ಲ, ನಾನೇ ಕಟ್ಟಿದ ಒಬ್ಬಳು ರಾಣಿ. 16ನೇ ಶತಮಾನದ ಇಂಗ್ಲೆಂಡಿನ ಅರಮನೆ ಹೆಂಗಸರು ಹಾಕ್ತಿದ್ರಲ್ಲ, ಸೊಂಟದ ಮೇಲೆ ಬಿಗಿ, ಕೆಳಗೆ ಗಂಟೆ ಥರ ಅಗಲ, ಮುಂದುಗಡೆ ಲಂಗ ಸೀಳಿರುತ್ತೆ, ಆ ಸೀಳಲ್ಲಿ ತ್ರಿಕೋನದ ಒಂದು ಕಸೂತಿ ಪಟ್ಟಿ ಕಾಣುತ್ತೆ, ಆ ಆಕಾರ. ಅದರ ಮೇಲೆ ನಮ್ಮ ಹಸೆ ಚಿತ್ತಾರ. ನಾವು ಮಲೆನಾಡಿನ ದೀವರ ಸಮುದಾಯದೋರು, ಮದುವೆ ಮನೇಲಿ ಗೋಡೆಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಬಿಳೀಲಿ ಎಳೆ ಎಳೀತಾರಲ್ಲ, ಅದು. ಪುಂಡಿ ನಾರೇ ಕುಂಚ. ಕಪ್ಪು ಬೇಕಾದ್ರೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ನಮ್ಮಜ್ಜಿ ಈಗ್ಲೂ ಭೂಮಿ ಹುಣ್ಣಿಮೆಗೆ, ಅಂದ್ರೆ ಗದ್ದೆಗೆ ಪೂಜೆ ಮಾಡೋ ಹಬ್ಬಕ್ಕೆ, ನೈವೇದ್ಯ ಒಯ್ಯೋ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೀತಾರೆ, ಕಣ್ಣಿಗೆ ಪೊರೆ ಬಂದಿದ್ರೂ.

ಈ ಎರಡನ್ನೂ ಯಾಕೆ ಸೇರಿಸಿದೆ ಅಂದ್ರೆ ಒಂದು ಹೊಲಿಗೆಯಿಂದ. ಆ ಕಾಲದ ಇಂಗ್ಲೆಂಡಲ್ಲಿ ಬಿಳಿ ಬಟ್ಟೆ ಮೇಲೆ ಕಪ್ಪು ರೇಷ್ಮೆ ದಾರದಲ್ಲಿ ಕಸೂತಿ ಮಾಡ್ತಿದ್ರು, ಹೋಲ್ಬೈನ್ ಅನ್ನೋ ಚಿತ್ರಕಾರ ಬರೆದ ಭಾವಚಿತ್ರಗಳಲ್ಲಿ ತೋಳಿನ ತುದೀಲಿ ಅದು ಎದ್ದು ಕಾಣುತ್ತೆ, ಅದಕ್ಕೇ ಆ ಹೊಲಿಗೆಗೆ ಹೋಲ್ಬೈನ್ ಹೊಲಿಗೆ ಅಂತಾನೂ ಹೆಸರು. ಅದನ್ನ ಹೇಗೆ ಹಾಕೋದು ಅಂತ ನೋಡ್ತಾ ಕೂತಿದ್ದೆ, ನೋಡಿದ್ರೆ ಅದು ಧಾರವಾಡ ಕಡೆ ಕಸೂತಿಯ ಗಾವಂತಿ ಹೊಲಿಗೆ! ಹೋಗ್ತಾ ಒಂದು ಬಿಟ್ಟು ಒಂದು ಹಾಕ್ಕೊಂಡು ಹೋಗೋದು, ವಾಪಸ್ ಬರ್ತಾ ಬಿಟ್ಟಿದ್ದನ್ನ ತುಂಬೋದು, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ. ಗಂಟು ಹಾಕಂಗಿಲ್ಲ. ಇನ್ನು ಹಸೆ ಚಿತ್ತಾರ ಅಂದ್ರೆ ಎಲ್ಲಾ ನೇರ ಗೆರೆ, ತ್ರಿಕೋನ, ಚೌಕ. ಗಾವಂತಿಗೆ ಹೇಳಿ ಮಾಡಿಸಿದ ಹಾಗಿದೆ.

ಹಾಕೋ ಮುಂಚೆ ಲೆಕ್ಕ ಮಾಡಿದ್ದೆ, ಆಮೇಲೆ ಅಳು ಬಂತು. ಆಂಕರ್ ದಾರದ ಒಂದು ಲಡಿ 8 ಮೀಟರ್, ಒಳಗೆ 6 ಎಳೆ. ನಾನು 2 ಎಳೆ ತಗೊಂಡು ಹೊಲಿದೆ, ಅಂದ್ರೆ ಒಂದು ಲಡಿ 24 ಮೀಟರ್ ಆಯ್ತು. ಎರಡು ಸಲ ಓಡ್ಬೇಕಲ್ಲ, ಒಂದು ಮೀಟರ್ ಗೆರೆಗೆ ಹತ್ತಿರ ಹತ್ತಿರ ಎರಡೂಕಾಲು ಮೀಟರ್ ದಾರ ಹೋಗುತ್ತೆ. ಒಟ್ಟು ಬಿಳಿ ದಾರ 40 ಲಡಿ ಖರ್ಚಾಯ್ತು, ಸುಮಾರು 400 ಮೀಟರ್ ಗೆರೆ. ನನ್ನ ಸ್ಪೀಡು ಗಂಟೆಗೆ ಒಂದು ಮೀಟರ್. ಅಂಗಡಿ ಮುಚ್ಚಿ ಬಂದು ದಿನಾ ಎರಡೂವರೆ ಮೂರು ಗಂಟೆ, ಜೂನ್‌ಇಂದ ಅಕ್ಟೋಬರ್‌ವರೆಗೆ. ಅದಕ್ಕೇ ಇಡೀ ಗೌನಿಗೆ ಮಾಡಲಿಲ್ಲ, ಕಾಣೋ ಕಡೆ ಮಾತ್ರ: ಮುಂದಿನ ತ್ರಿಕೋನ ಪಟ್ಟಿ, ಎದೆಭಾಗ, ತೋಳು, ಕೆಳಗೆ ಒಂದು ಗೇಣು ಅಂಚು.

ಹೊಲಿಗೇಲಿ ನಾನು ಕಲಿತಿದ್ದು ಒಂದಿದೆ, ಇದನ್ನ ಯಾರೂ ಹೇಳ್ಕೊಡಲಿಲ್ಲ. ವಾಪಸ್ ಬರ್ತಾ ಸೂಜಿನ ಹಳೇ ಹೊಲಿಗೆ ಇರೋ ತೂತಲ್ಲೇ ಹಾಕ್ತೀವಲ್ಲ, ಅದು ಒಂದ್ಸಲ ಮೇಲೆ ಒಂದ್ಸಲ ಕೆಳಗೆ ಅಂತ ಹೆಂಗೋ ಹೋದ್ರೆ ಗೆರೆ ಹಲ್ಲು ಹಲ್ಲಾಗಿ ಗರಗಸದ ಥರ ಕಾಣುತ್ತೆ. ಸೂಜಿ ಯಾವಾಗ್ಲೂ ಹಳೇ ಹೊಲಿಗೆಯ ಮೇಲ್ಗಡೆಯಿಂದ ಎದ್ದು ಕೆಳಗಡೆಯಿಂದ ಇಳೀಬೇಕು, ಕೊನೇತನಕ ಅದೇ ನಿಯಮ. ಮೊದಲ ತೋಳು ಪೂರ್ತಿ ಗರಗಸ ಆಗಿದೆ. ಅದು ಎಡಗೈದು, ಫೋಟೋಗೆ ಬಲಗೈ ಮುಂದೆ ಮಾಡಿ ನಿಲ್ತಿದ್ದೆ. ಇನ್ನೊಂದು, ಕವಲು ಬಂದಾಗ ಹೋಗ್ತಾನೇ ಕವಲಿಗೆ ಹೋಗಿ ಬಂದು ಮುಂದೆ ಹೋಗ್ಬೇಕು, ಇಲ್ಲಾಂದ್ರೆ ವಾಪಸ್ ಬರೋವಾಗ ಒಂದು ತುಂಡು ಒಂಟಿಯಾಗಿ ಉಳಿದು ಅದಕ್ಕೆ ಹಿಂದುಗಡೆ ದಾರ ಎಳೀಬೇಕಾಗುತ್ತೆ, ಹಿಂಭಾಗ ಕೆಟ್ಟಿತು ಅಂತ್ಲೇ. ನಾನು ಪ್ರತಿ ಚೌಕದ ದಾರಿನ ಮೊದ್ಲು ಗ್ರಾಫ್ ಪೇಪರ್ ಮೇಲೆ ಪೆನ್ಸಿಲ್ ಎತ್ತದೆ ಬರೆದು ನೋಡ್ತಿದ್ದೆ.

ಬಟ್ಟೆ ಕತ್ತರಿಸದೆ, ಮಂಚದ ಥರ ಕಟ್ಟಿದ ಚೌಕಟ್ಟಿಗೆ ಬಿಗಿದು ಕಸೂತಿ ಮುಗಿಸಿ ಆಮೇಲೆ ಕತ್ತರಿಸಿದ್ದು. ಇದು ಅಂಗಡಿ ಬುದ್ಧಿ, ಆರಿ ವರ್ಕಿನೋರೂ ಹಂಗೇ ಮಾಡೋದು. ಆದ್ರೂ ಚೌಕಟ್ಟಿಂದ ಬಿಚ್ಚಿದಾಗ ಪಟ್ಟಿ ಒಂದೂವರೆ ಸೆಂಟಿಮೀಟರ್ ಕಿರಿದಾಗಿತ್ತು, ಅಂಚಿಗೆ ಎರಡು ಬೆರಳು ಜಾಸ್ತಿ ಬಿಟ್ಟಿದ್ದಕ್ಕೆ ಬಚಾವ್.

ಈಗ ಮಳೆಗಾಲದ ಕಥೆ. ಜುಲೈಲಿ ಹಬ್ಬಕ್ಕೆ ಹೋಲ್ಸೇಲ್ ಬ್ಲೌಸ್ ಆರ್ಡರ್ ಬಂದು ಎರಡು ವಾರ ಪಟ್ಟಿ ಕಡೆ ತಲೆ ಹಾಕಲಿಲ್ಲ, ಊರಿಗೆ ತಗೊಂಡು ಹೋಗಿದ್ದೋಳು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಲ್ಲೇ ಇಟ್ಟು ಬಂದಿದ್ದೆ, ಧೂಳು ಹಿಡಿಯುತ್ತೆ ಅಂತ. ಧೂಳು ಹಿಡೀಲಿಲ್ಲ, ಬೂಷ್ಟು ಹಿಡೀತು. ನಮ್ಮ ಕಡೆ ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಬಾಗಿಲು ಎಲ್ಲಕ್ಕೂ ಹಿಡಿಯುತ್ತೆ, ಇದಕ್ಕೆ ಹಿಡೀದೆ ಇರುತ್ತಾ? ಗಾಬರೀಲಿ ತೊಳೆದೆ. ಗೌನಿನ ಕೆಂಪು ಬಟ್ಟೆ ಕೊಟ್ಟ ಅಂಗಡಿಯೋರು ಕಲರ್ ಗ್ಯಾರಂಟಿ ಅಂದಿದ್ರು, ನಾನೂ ಇಷ್ಟು ವರ್ಷ ಟೈಲರಿಂಗ್ ಮಾಡಿ ಮೊದ್ಲು ನೆನೆಸಿ ನೋಡದೆ ನಂಬಿದ್ದು ನನ್ನ ತಪ್ಪು. ಬಕೆಟ್ ನೀರು ಕುಂಕುಮದ ನೀರಾಯ್ತು, ಬಿಳಿ ದಾರ ಗುಲಾಬಿ. ಒಣಗೋಕೆ ಮಾತ್ರ ಬಿಡಬಾರದು, ಒಣಗಿದ್ರೆ ಮುಗೀತು, ಹಸಿ ಇರೋವಾಗ್ಲೇ ತಣ್ಣೀರಲ್ಲಿ ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ನೀರು ಬದಲಾಯಿಸಿದೆ, ರಾತ್ರಿ ಹನ್ನೊಂದರ ತನಕ, ಕರೆಂಟ್ ಬೇರೆ ಇಲ್ಲ, ಅಮ್ಮ ಟಾರ್ಚ್ ಹಿಡಿದಿದ್ರು. ಮುಕ್ಕಾಲು ಪಾಲು ಬಿಟ್ಟಿತು. ಕೆಳಗಿನ ಒಂದು ಮೂಲೆ ಬಿಡಲಿಲ್ಲ, ಅಷ್ಟನ್ನ ಬಿಚ್ಚಿ ಮತ್ತೆ ಹಾಕಿದ್ದು, 31 ಗಂಟೆ. ಒಣಗಿಸಿದ್ದು ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ, ಹೊಗೆ ತಾಗದ ಹಾಗೆ ಅಡ್ಡ ತಗಡು ಇಟ್ಟು. ತೋಳಿಗೆ ಮಾತ್ರ ಆ ಬಟ್ಟೆ ಮುಟ್ಟಲಿಲ್ಲ, ಹೆಗ್ಗೋಡಿನ ಕಡೆ ಅಡಿಕೆ ಚೊಗರಿನ ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಸಿಗುತ್ತೆ, ಅದು ತಂದು ವಾರ ಮೊದ್ಲೇ ನೆನೆಸಿಟ್ಟೆ. ಬಣ್ಣ ಸ್ವಲ್ಪ ಬೇರೆ ಆಯ್ತು, ಬೇಕೂಂತಲೇ ಮಾಡಿದ್ದು ಅಂತ ಎಲ್ಲರಿಗೂ ಹೇಳಿದೀನಿ.

ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ಅಜ್ಜಿಗೆ ತೋರಿಸಿದೆ. ಅಜ್ಜಿ ನೋಡಲಿಲ್ಲ, ತೊಡೆ ಮೇಲೆ ಹಾಸ್ಕೊಂಡು ಬೆರಳಾಡಿಸಿದ್ರು. ಮೂರು ಗೆರೆ ಜೊತೆಗೇ ಹೋಗಿ ಒಂದು ಮೂಲೆ ತಿರುಗೋ ಕಡೆ ನಿಂತ್ರು. "ಇಲ್ಲಿ ಎರಡೇ ಐತಲ್ಲೇ, ಇನ್ನೊಂದು ಎಲ್ಲಿ ಹೋತು?" ನೋಡಿದ್ರೆ ಹೌದು, ಬಿಚ್ಚಿ ಮತ್ತೆ ಹಾಕಿದ ಆ ಮೂಲೇಲಿ ಒಂದು ಗೆರೆ ಮಾಯ. ಹಾಕ್ಬಹುದಿತ್ತು. ನಂಗೆ ಆ ಮೂಲೆ ನೋಡಿದ್ರೆ ವಾಕರಿಕೆ ಬರೋಷ್ಟು ಆಗಿತ್ತು, ಹಾಕಲಿಲ್ಲ.

ಕಸೂತಿ ಎಲ್ಲರೂ ಹೊಗಳ್ತಾರೆ. ನನ್ನ ಕೇಳಿದ್ರೆ ಗೌನು ನಿಂತಿದ್ದು ಒಳಗಿನ ಸಾಮಾನಿಂದ. ಆ ಗಂಟೆ ಆಕಾರಕ್ಕೆ ಒಳಲಂಗದಲ್ಲಿ ಬಳೆ ಬೇಕು. ಮೊದ್ಲು ಪ್ಲಾಸ್ಟಿಕ್ ಪೈಪ್ ಹಾಕಿದೆ, ತೂಕ ಬಿದ್ದಾಗ ಒಂದು ಕಡೆ ಮಡಚ್ಕೊಂಡು ಕೂತ್ಕೊಳ್ತಿತ್ತು. ಇದು ಶುರುವಾಗಿದ್ದು ಸ್ಪೇನಲ್ಲಂತೆ, ಅಲ್ಲಿ ಲಂಗಕ್ಕೆ ಮರದ ಬಳ್ಳಿ ಕಡ್ಡಿನೇ ಹಾಕ್ತಿದ್ರು ಅಂತ ಓದಿ ಬೆತ್ತ ನೆನಪಾಯ್ತು. ಬುಟ್ಟಿ ಹೆಣೆಯೋ ಮೇದಾರ ಅಣ್ಣನ ಹತ್ರ ಸೀಳಿದ ಬೆತ್ತ ತಂದು ಒಂದು ರಾತ್ರಿ ನೀರಲ್ಲಿಟ್ಟು ಬಗ್ಗಿಸಿ ಬಳೆ ಮಾಡಿದೆ, ತುದಿ ತುದಿ ಮೇಲೆ ನಾಲ್ಕು ಬೆರಳು ಬರೋ ಹಾಗೆ ಇಟ್ಟು ದಾರ ಸುತ್ತಿ ಮೇಲೆ ಟೇಪ್. ಐದು ಬಳೆ, ಕೆಳಗಿಂದು ಸುತ್ತಳತೆ 3 ಮೀಟರ್. ಬೆತ್ತ ಬಾಗುತ್ತೆ, ಬಿಟ್ರೆ ಮತ್ತೆ ಗುಂಡಗಾಗುತ್ತೆ, ಪೈಪಿಗೆ ಆ ಗುಣ ಇಲ್ಲ. ಸೊಂಟದ ಮೇಲೆ ಕಟ್ಟೋ ದಿಂಬು ಅಂತ ಒಂದು ಬೇಕು, ಅದಿಲ್ಲದಿದ್ರೆ ಲಂಗದ ಭಾರ ಎಲ್ಲಾ ದಾರದ ಮೇಲೆ ಬಿದ್ದು ಹೊಟ್ಟೆ ಕೊಯ್ಯುತ್ತೆ. ಇಂಗ್ಲೆಂಡಿನೋರು ಏನೋ ಹೆಸರು ಇಟ್ಟಿದಾರೆ, ನಮ್ಮ ಲೆಕ್ಕದಲ್ಲಿ ಅದು ಸಿಂಬೆ. ತಲೆ ಮೇಲೆ ಇಡೋದನ್ನ ದೊಡ್ಡದು ಮಾಡಿ, ಹೊಟ್ಟೆ ಕಡೆ ಸೀಳಿ ಬಿಟ್ಟು, ಬೂರುಗದ ಹತ್ತಿ ತುಂಬಿ ಸೊಂಟಕ್ಕೆ ಕಟ್ಟೋದು ಅಷ್ಟೇ. ಏಳೂವರೆ ಕೆಜಿ ಗೌನು, ಹೆಗಲ ಮೇಲೆ ಅರ್ಧ ಕೆಜಿ ಭಾರನೂ ಬೀಳಲಿಲ್ಲ.

ಮೇಲ್ಭಾಗದ ಬಿಗಿಗೆ ಕೇಬಲ್ ಟೈ, ಎಲೆಕ್ಟ್ರಿಕಲ್ ಅಂಗಡೀದು, ಅಗಲದ್ದು, 28. ತುದಿ ಕತ್ತರಿಸಿ ಮೇಣದಬತ್ತಿ ಉರೀಲಿ ಕರಗಿಸಿ ಗುಂಡಗೆ ಮಾಡ್ಬೇಕು. ಒಂದು ಮರೆತಿದ್ದೆ. ಯಾವುದು ಅಂತ ಸ್ಟೇಜ್ ಮೇಲೆ ಗೊತ್ತಾಯ್ತು, ಎಡಗಡೆ ಪಕ್ಕೆಲುಬು.

ಕತ್ತಿನ ಹಿಂದೆ ನಿಲ್ಲೋ ಬೀಸಣಿಗೆ ಥರದ ಕಾಲರ್ ಇದೆಯಲ್ಲ, ಅದಕ್ಕೆ ಎಲ್ಲರೂ ಫೋಮ್ ಶೀಟ್ ತರಿಸ್ತಾರೆ. ನಾನು ತೋಟದಿಂದ ಅಡಿಕೆ ಹಾಳೆ ತಂದೆ. ಅರ್ಧ ಗಂಟೆ ನೆನೆಸಿದ್ರೆ ಚರ್ಮದ ಥರ ಆಗುತ್ತೆ, ಚರಿಗೆಗೆ ಸುತ್ತಿ ಕಟ್ಟಿ ಒಣಗಿಸಿದ್ರೆ ಆ ಆಕಾರದಲ್ಲೇ ಕೂತ್ಬಿಡುತ್ತೆ. ಎರಡು ಹಾಳಾದ ಮೇಲೆ ಅದರ ಸ್ವಭಾವ ಗೊತ್ತಾಯ್ತು: ನಾರು ಉದ್ದಕ್ಕೆ ಹೋಗಿರುತ್ತೆ, ಅದೇ ಉದ್ದಕ್ಕೆ ಸಾಲಾಗಿ ಸೂಜಿ ಚುಚ್ಚಿದ್ರೆ ಪೋಸ್ಟ್ ಸ್ಟಾಂಪ್ ಹರಿದ ಹಾಗೆ ಸೀಳುತ್ತೆ. ಹಿಂದೆ ತೆಳು ಕೋರಾ ಬಟ್ಟೆ ಅಂಟಿಸಿ ಓರೆ ಓರೆಯಾಗಿ ಹೊಲೀಬೇಕು. ಎರಡೂ ಕಡೆ ನೀರು ಬೆರೆಸಿದ ಫೆವಿಕಾಲ್, ಬೂಷ್ಟು ಬರಬಾರದು ಅಂತ, ನಾನಂತೂ ಆಗ್ಲೇ ಬೂಷ್ಟು ಅಂದ್ರೆ ಬೆಚ್ಚಿ ಬೀಳ್ತಿದ್ದೆ.

ಜನವರೀಲಿ ಸ್ಪರ್ಧೆಗೆ ಬೆಂಗಳೂರಿಗೆ ಹೋಗಿದ್ದು ರಾತ್ರಿ ರೈಲಲ್ಲಿ. ಒಳಲಂಗ ಅಮುಕಿದ್ರೆ ಬಳೆಗಳು ಒಂದರೊಳಗೊಂದು ಕೂತು ದೊಡ್ಡ ಜಾಗಟೆ ಥರ ಚಪ್ಪಟೆ ಆಗುತ್ತೆ, ಬೋಗಿ ಬಾಗಿಲಲ್ಲಿ ಓರೆ ಮಾಡಿ ತೂರಿಸಿದೆ. ಎದುರು ಸೀಟಿನ ಯಜಮಾನ್ರು ಶಿವಮೊಗ್ಗದಿಂದ ಭದ್ರಾವತಿ ತನಕ ಸುಮ್ನಿದ್ರು, ಆಮೇಲೆ ತಡೀಲಾರದೆ "ಕೋಳಿ ಮುಚ್ಚೋದಾ ಅಮ್ಮ?" ಅಂದ್ರು. ಹೌದು ಅಂದೆ.

ಸ್ಟೇಜಿಗೆ ಮುಂಚೆ ಒಂದು ಕೋಣೇಲಿ ತೀರ್ಪುಗಾರರು ಹತ್ರದಿಂದ ನೋಡ್ತಾರೆ. ಮಾಡ್ತಾ ತೆಗೆದ ಫೋಟೋ ಕೇಳ್ತಾರೆ, ಏನು ಕೊಂಡಿದ್ದು ಏನು ಮಾಡಿದ್ದು ಕೇಳ್ತಾರೆ. ಫೋಟೋ ತೆಗೆದಿಡಿ, ನಾನು ಜೂನ್ ಜುಲೈದು ತೆಗೆದೇ ಇರಲಿಲ್ಲ. ಒಬ್ಬರು ಕೆಳದಿ ಚೆನ್ನಮ್ಮನಾ ಅಂದ್ರು, ಶಿವಮೊಗ್ಗದಿಂದ ರಾಣಿ ಬಂದ್ರೆ ಚೆನ್ನಮ್ಮನೇ ಆಗಿರ್ಬೇಕು ಅಂತ ಲೆಕ್ಕ ಇರ್ಬೇಕು, ಅವ್ರು ಈ ಗೌನ್ ಹಾಕಿ ಕುದುರೆ ಹತ್ತಿದ್ರೆ ಕಷ್ಟ ಇತ್ತು. ಇನ್ನೊಬ್ಬರು ಏನೂ ಮಾತಾಡದೆ ಮುಂದಿನ ಪಟ್ಟಿಯ ಅಂಚು ಎತ್ತಿ ತಿರುಗಿಸಿದ್ರು. ಮತ್ತೆ ತಿರುಗಿಸಿದ್ರು. ಮತ್ತೆ. ಯಾವುದು ಮೇಲೆ ಯಾವುದು ಕೆಳಗೆ ಅಂತ ಹುಡುಕ್ತಿದಾರೆ ಅಂತ ನಂಗೆ ಮೂರನೇ ಸಲಕ್ಕೆ ಹೊಳೀತು, ಆಗ ಬಂದ ಖುಷಿ ಆಮೇಲೆ ಬಹುಮಾನ ಹೇಳೋವಾಗ್ಲೂ ಬರಲಿಲ್ಲ.

ಬಹುಮಾನ ಬಂದಿದ್ದು ಹೊಲಿಗೆ ವಿಭಾಗದಲ್ಲಿ ಎರಡನೇದು. ಮೊದಲನೇದು ರೆಕ್ಕೆ ಬಿಚ್ಚೋ ರಾಕ್ಷಸನ ವೇಷದೋರಿಗೆ, ಅದು ನ್ಯಾಯವೇ, ರೆಕ್ಕೆ ಒಳಗೆ ಛತ್ರಿ ಕಡ್ಡಿ ಇಟ್ಟಿದ್ರು. ಸ್ಟೇಜ್ ಮೇಲೆ ನಂದು ಬರೀ ನಡೆದು ಬಂದಿದ್ದು, ಪಕ್ಕೆಲುಬು ಚುಚ್ಚುತ್ತಿತ್ತು, ಎಂತ ಅಭಿನಯ ಮಾಡೋದು. ಆರು ಗಂಟೆ ಬಾತ್‌ರೂಮಿಗೂ ಹೋಗಲಿಲ್ಲ. ಮುಂದಿನ ಸಲ ಲಂಗದ ಹಿಂದುಗಡೆ ಕೊಕ್ಕೆ ಇಡ್ತೀನಿ, ಒಬ್ಬಳೇ ಬಿಚ್ಚೋ ಹಾಗೆ.

ಒಟ್ಟು ಖರ್ಚು ಹನ್ನೊಂದು ಸಾವಿರ ಚಿಲ್ಲರೆ, ಬಹುಮಾನದ ದುಡ್ಡಲ್ಲಿ ಮುಕ್ಕಾಲು ವಾಪಸ್ ಬಂತು. ಗೌನು ಈಗ ಹಳೇ ಕಾಟನ್ ಸೀರೇಲಿ ಸುತ್ತಿ ಬೀರುವಲ್ಲಿದೆ, ಪ್ಲಾಸ್ಟಿಕ್ ಹತ್ರಕ್ಕೂ ಬಿಟ್ಟಿಲ್ಲ, ಪಕ್ಕದಲ್ಲಿ ಲವಂಗ ಕಟ್ಟಿಟ್ಟಿದೀನಿ, ಬಿಸಿಲು ಬಂದ ದಿನ ಹೊರಗೆ ಹಾಕ್ತೀನಿ. ಬೆತ್ತದ ಬಳೆ ಐದೂ ಅಮ್ಮನ ಹತ್ರ ಹೋಗಿವೆ. ಅದರಲ್ಲಿ ದೊಡ್ಡದಕ್ಕೆ ಹಳೇ ಸೊಳ್ಳೆ ಪರದೆ ಕಟ್ಟಿ ಹಪ್ಪಳ ಒಣಗಿಸೋಕೆ ಮುಚ್ಚಳ ಮಾಡ್ಕೊಂಡಿದಾರೆ, ಕಾಗೆ ಕೂರಲ್ಲ ಅಂತ. ಮುಂದಿನ ಸಲಕ್ಕೆ ಬೇಕಮ್ಮ ಅಂದ್ರೆ, ಹಪ್ಪಳ ಮುಗೀಲಿ ತಡಿ ಅಂತಾರೆ.