ಒಂದೇ ಗುಡ್ಡೆ ಹತ್ತಿದೆವು, ಟೇಪು ಇಬ್ಬರಿಗೂ ಬೇರೆ ಲೆಕ್ಕ ಹೇಳಿತು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಲವು ಮನೆಗಳಂತೆ ನಮ್ಮದೂ ಗುಡ್ಡೆಯ ಬದಿಯಲ್ಲಿದೆ, ಅಡಿಕೆ ತೋಟ ಕೆಳಗೆ ತಗ್ಗಿನಲ್ಲಿ. ಮೊದಲೆಲ್ಲಾ ದಿನವಿಡೀ ಇಳಿದು ಹತ್ತುವುದೇ ಆಗುತ್ತಿತ್ತು. ಈಗ ಪಂಪಿನ ಸ್ವಿಚ್ಚು ಮೊಬೈಲಿನಲ್ಲಿದೆ, ಅಡಿಕೆ ಸುಲಿಯಲು ಮೆಷಿನು ಬಂದಿದೆ, ಪೇಟೆಗೆ ಸ್ಕೂಟರು. ಊಟ ಮಾತ್ರ ಅದೇ ಕುಚ್ಚಲಕ್ಕಿ ಅನ್ನ, ಕಾಯಿ ಅರೆದ ಸಾಂಬಾರು.

ನಮ್ಮ ಮನೆಯವರಿಗೆ ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದರು. ನನಗೂ ಆಗಷ್ಟೇ ಮುಟ್ಟು ನಿಂತಿತ್ತು. ಹೊಟ್ಟೆಯ ಬೊಜ್ಜು ಇಳಿಸಲು ಇಬ್ಬರೂ ಒಟ್ಟಿಗೆ ಶುರು ಮಾಡಿದೆವು.

ತೂಕಕ್ಕಿಂತ ಸೊಂಟದ ಅಳತೆಯನ್ನೇ ಜಾಸ್ತಿ ನಂಬಿದೆವು. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಸೇರುವುದು ತುಂಬಾ ಸಾಮಾನ್ಯ, ತಕ್ಕಡಿಗೆ ಅದು ಗೊತ್ತಾಗುವುದಿಲ್ಲ. ಟೈಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಬೇಕು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು.

ಜಿಮ್ಮಿಗೆ ಹೋಗಲಿಲ್ಲ. ಪಂಪು ಹಾಕಲು, ನಿಲ್ಲಿಸಲು ತೋಟಕ್ಕೇ ಇಳಿದೆವು. ಬಿದ್ದ ಅಡಿಕೆ ಹೆಕ್ಕುವುದು, ಹಸುವಿಗೆ ಹುಲ್ಲಿನ ಹೊರೆ ತರುವುದು ಮತ್ತೆ ನಮ್ಮ ಕೆಲಸವಾಯಿತು. ಹೊರೆ ಹೊತ್ತು ಹತ್ತಿದರೆ ಸ್ನಾಯುಗಳಿಗೂ ಕೆಲಸ ಸಿಗುತ್ತದೆ. ಹತ್ತುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಹೀಗೆಯೇ ತುಂಬುತ್ತದೆ. ಮಳೆಗಾಲದಲ್ಲಿ ದಾರಿ ಪಾಚಿ ಕಟ್ಟಿ ಜಾರುತ್ತದೆ. ಆಗ ಜಗಲಿಯಲ್ಲೇ ನಡೆದೆವು, ಉಪ್ಪರಿಗೆಯ ಮೆಟ್ಟಿಲು ಹತ್ತಿದೆವು.

ನನಗೆ ದೊಡ್ಡ ತೊಡಕು ಎಂದರೆ ಸಮಯ. "ಹೆಂಗಸರು ದಿನವಿಡೀ ಕೆಲಸ ಮಾಡ್ತಾರಲ್ಲಾ, ಮತ್ತೆ ಯಾಕೆ ನಡೆಯಬೇಕು?" ಎಂದು ಅತ್ತಿಗೆ ಕೇಳಿದರು. ಅಡುಗೆಮನೆಯ ಕೆಲಸವೂ ಕೆಲಸವೇ, ಸುಮ್ನೆ ಕೂರುವುದಕ್ಕಿಂತ ಎಷ್ಟೋ ಒಳ್ಳೆಯದು. ಆದರೆ ಅದರಲ್ಲಿ ಹೆಚ್ಚಿನದು ನಿಂತಲ್ಲೇ ನಡೆಯುವ ಕೆಲಸ, ಉಸಿರು ಏರುವುದಿಲ್ಲ. ಬೆಳಗ್ಗೆ ಕಾಯಿ ಹೆರೆಯುವುದು, ಪಾತ್ರೆ ತೊಳೆಯುವುದು ಮನೆಯವರು ವಹಿಸಿಕೊಂಡ ಮೇಲೆಯೇ ನನಗೆ ತೋಟಕ್ಕೆ ಇಳಿಯಲು ಬಿಡುವಾಯಿತು. ಹೆಂಗಸರ ಬೊಜ್ಜಿನ ಬಗ್ಗೆ ಮಾತಾಡುವವರು ಇದನ್ನು ಮೊದಲು ಯೋಚಿಸಬೇಕು, ಅಲ್ವಾ?

ಅವರ ಬೆಲ್ಟು ಬೇಗ ಸಡಿಲವಾಯಿತು. ನನ್ನ ಟೇಪು ನಿಧಾನಕ್ಕೆ ಇಳಿಯಿತು, ತೂಕವಂತೂ ಅಲುಗಲೇ ಇಲ್ಲ. ಇದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ. ಗಂಡಸರಿಗೆ ಕೊಬ್ಬು ಹೊಟ್ಟೆಯೊಳಗೆ, ಅಂಗಾಂಗಗಳ ಸುತ್ತ ಜಾಸ್ತಿ ಸೇರುತ್ತದೆ. ಅದೇ ಅಪಾಯದ ಕೊಬ್ಬು, ಆದರೆ ಮೈ ಓಡಾಡಿದರೆ ಮೊದಲು ಕರಗುವುದೂ ಅದೇ. ಹೆಂಗಸರಿಗೆ ತೊಡೆ, ಪೃಷ್ಠದ ಚರ್ಮದ ಕೆಳಗೆ ಸೇರುತ್ತದೆ. ಬಸಿರು, ಬಾಣಂತನಕ್ಕೆ ಎಂದು ಮೈ ಕೂಡಿಡುವ ಈ ಕೊಬ್ಬು ಸುಲಭಕ್ಕೆ ಬಿಡುವುದಿಲ್ಲ. ಆರೋಗ್ಯವಂತ ಹೆಂಗಸಿನ ಮೈಯಲ್ಲೂ ಗಂಡಸಿಗಿಂತ ಹೆಚ್ಚು ಕೊಬ್ಬು ಇದ್ದೇ ಇರುತ್ತದೆ, ಇರಲೂ ಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುತ್ತದೆ, ಆಗ ನಮಗೂ ಹೊಟ್ಟೆಯಲ್ಲೇ ಸೇರಲು ತೊಡಗುತ್ತದೆ. ಹಾಗಾಗಿ ಆ ವಯಸ್ಸಿನ ಹೆಂಗಸರು ಟೇಪನ್ನು ಮರೆಯಲೇಬಾರದು.

ಮೊಣಗಂಟು ನೋವಿರುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅತ್ತಿಗೆಗೆ ಹಾಗಾಗಿ ತೋಟ ಬೇಡ ಎಂದೆ. ಅವರೀಗ ಸಂಜೆ ರಸ್ತೆಯ ಸಮತಟ್ಟಾದ ಕಡೆ ಬಿರುಸಾಗಿ ನಡೆಯುತ್ತಾರೆ, ಅಣ್ಣ ರಾತ್ರಿಯ ಅನ್ನಕ್ಕೆ ಇಡುತ್ತಾರೆ.