ಯುಕೆಯಲ್ಲಿ ಇಂಟರ್‌ವ್ಯೂಗೆ ಮೊದಲು ಕಂಪನಿಯ ಜಾತಕ ನೋಡಿ

ಇಂಟರ್‌ವ್ಯೂ ಕರೆ ಬಂದ ಕೂಡಲೇ ಕಂಪನಿಯ ವೆಬ್‌ಸೈಟ್ ಓದಿ ಬಾಯಿಪಾಠ ಮಾಡುತ್ತೇವೆ, ಅಲ್ವಾ? ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದು ಅವರೇ ತಮ್ಮ ಬಗ್ಗೆ ಬರೆದುಕೊಂಡಿದ್ದು. ಇಲ್ಲಿನ ಸರ್ಕಾರ ಕಂಪನಿಗಳ ಬಗ್ಗೆ ಎಷ್ಟೋ ವಿಷಯಗಳನ್ನು ಪುಕ್ಕಟೆಯಾಗಿ ತೆರೆದಿಟ್ಟಿದೆ. ನಮ್ಮವರು ಅದನ್ನು ನೋಡುವುದೇ ಕಡಿಮೆ.

ವೀಸಾ ಬೇಕಾದವರು ಮೊದಲು ಹೋಮ್ ಆಫೀಸಿನ (ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆ) ಸ್ಪಾನ್ಸರ್ ಪಟ್ಟಿ, ಅಂದರೆ ಹೊರದೇಶದವರನ್ನು ಕೆಲಸಕ್ಕೆ ಕರೆಸಲು ಲೈಸೆನ್ಸ್ ಇರುವವರ ಪಟ್ಟಿ ತೆಗೆಯಿರಿ. ಅದರಲ್ಲಿ ಕಂಪನಿಯ ಹೆಸರಿನ ಮುಂದೆ ಸ್ಕಿಲ್ಡ್ ವರ್ಕರ್ (ಕೆಲಸದ ವೀಸಾದ ಒಂದು ಬಗೆ) ಅಂತ ಇರಬೇಕು, ಎ ರೇಟಿಂಗ್ ಇರಬೇಕು. ಬಿ ಇದ್ದರೆ ಸದ್ಯಕ್ಕೆ ಹೊಸಬರನ್ನು ಸ್ಪಾನ್ಸರ್ ಮಾಡಲು ಬರುವುದಿಲ್ಲ. ಬೋರ್ಡಿನ ಮೇಲಿನ ಹೆಸರೇ ಬೇರೆ, ನೋಂದಾಯಿತ ಹೆಸರೇ ಬೇರೆ ಇರಬಹುದು, ಎರಡನ್ನೂ ಹುಡುಕಿ. ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಮುಂದೆ ಅವರ ಲೈಸೆನ್ಸ್ ರದ್ದಾದರೆ ನಿಮ್ಮ ವೀಸಾ ಸಾಮಾನ್ಯವಾಗಿ 60 ದಿನಕ್ಕೆ ಇಳಿಯುತ್ತದೆ. ಮನೆ ಬಾಡಿಗೆ ಕರಾರು, ಮಕ್ಕಳ ಸ್ಕೂಲು ಎಲ್ಲ ಇಟ್ಟುಕೊಂಡು ಅಷ್ಟರಲ್ಲಿ ಬೇರೆ ಸ್ಪಾನ್ಸರ್ ಹುಡುಕುವುದು ಸುಲಭವಲ್ಲ.

ಆಮೇಲೆ ಕಂಪನೀಸ್ ಹೌಸ್, ಅಂದರೆ ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯ ವೆಬ್‌ಸೈಟ್. ನನಗೆ ಇದರಷ್ಟು ಉಪಯೋಗದ್ದು ಇನ್ನೊಂದು ಕಂಡಿಲ್ಲ. ಹೆಸರು ಹಾಕಿದರೆ ಕಂಪನಿ ಯಾವಾಗ ಶುರುವಾಯಿತು, ಡೈರೆಕ್ಟರುಗಳು ಯಾರು, ಯಾರು ಯಾವಾಗ ಬಿಟ್ಟರು, ಎಲ್ಲ ಸಿಗುತ್ತದೆ. ಪ್ರೈವೇಟ್ ಕಂಪನಿಗಳು ಲೆಕ್ಕದ ವರ್ಷ ಮುಗಿದ 9 ತಿಂಗಳೊಳಗೆ ಲೆಕ್ಕಪತ್ರ ಸಲ್ಲಿಸಬೇಕು. ತಡವಾಗಿದ್ದರೆ 'ಓವರ್‌ಡ್ಯೂ' ಅಂತ ಎದ್ದು ಕಾಣುತ್ತದೆ. ಒಂದರ ಹಿಂದೆ ಒಂದು ಡೈರೆಕ್ಟರ್ ರಾಜೀನಾಮೆ ಕೊಟ್ಟಿದ್ದರೂ ಯೋಚಿಸಿ. ಸಣ್ಣ ಕಂಪನಿಗಳ ಲೆಕ್ಕದಲ್ಲಿ ಲಾಭ ನಷ್ಟದ ವಿವರ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಬ್ಯಾಲೆನ್ಸ್ ಶೀಟ್ ಇರುತ್ತದೆ. ಸರಾಸರಿ ಎಷ್ಟು ಜನ ಕೆಲಸಕ್ಕಿದ್ದಾರೆ ಅಂತಲೂ ಇರುತ್ತದೆ. ವೆಬ್‌ಸೈಟಿನಲ್ಲಿ 'ದೊಡ್ಡ ತಂಡ', ಲೆಕ್ಕಪತ್ರದಲ್ಲಿ ಮೂರೇ ಜನ! ಹಾಗಂತ ಆತುರ ಪಡಬೇಡಿ. ಲೆಕ್ಕ ಹಳೆಯದಿರಬಹುದು, ಜನರೆಲ್ಲ ಅದೇ ಗುಂಪಿನ ಇನ್ನೊಂದು ಕಂಪನಿಯಲ್ಲಿರಬಹುದು. ಕೇಳಿ ತಿಳಿದುಕೊಳ್ಳಿ.

ದೊಡ್ಡ ಕಂಪನಿಯಾದರೆ ವಾರ್ಷಿಕ ವರದಿಯ 'ಸ್ಟ್ರಾಟೆಜಿಕ್ ರಿಪೋರ್ಟ್' ಭಾಗ ಓದಿ. ವ್ಯಾಪಾರಕ್ಕೆ ಏನೇನು ಅಪಾಯ ಇದೆ ಅಂತ ಅವರೇ ಅದರಲ್ಲಿ ಬರೆದಿರುತ್ತಾರೆ. ಇಂಟರ್‌ವ್ಯೂ ಕೊನೆಗೆ 'ನಿಮಗೇನಾದರೂ ಕೇಳುವುದಿದೆಯಾ' ಅಂದಾಗ 'ಏನಿಲ್ಲ' ಅಂದು ಎದ್ದು ಬರುವುದು ನಮ್ಮ ಸಂಕೋಚದ ಅಭ್ಯಾಸ. ಅದರ ಬದಲು ಆ ಅಪಾಯಗಳಲ್ಲಿ ಒಂದನ್ನು ಹಿಡಿದು, ನಿಮ್ಮ ತಂಡ ಇದಕ್ಕೆ ಏನು ಮಾಡುತ್ತಿದೆ ಅಂತ ಕೇಳಿ. ಎದುರಿಗಿದ್ದವರು ನೆಟ್ಟಗೆ ಕೂರುತ್ತಾರೆ. ಸಾಲದ ಲೆಕ್ಕ ತೆಗೆದು ಪಾಟೀಸವಾಲು ಮಾತ್ರ ಬೇಡ.

2017ರಿಂದೀಚೆಗಿನ ಎಂಪ್ಲಾಯ್‌ಮೆಂಟ್ ಟ್ರಿಬ್ಯುನಲ್ (ಕೆಲಸಗಾರರು ಮತ್ತು ಕಂಪನಿಗಳ ನಡುವಿನ ವ್ಯಾಜ್ಯ ಕೇಳುವ ನ್ಯಾಯಮಂಡಳಿ) ತೀರ್ಪುಗಳೂ ಆನ್‌ಲೈನ್ ಇವೆ. ಒಂದು ಕೇಸ್ ಇದ್ದರೆ ಗಾಬರಿ ಬೇಡ. ಸಂಬಳ ಕೊಟ್ಟಿಲ್ಲ ಅನ್ನುವ ತೀರ್ಪು ಮೇಲಿಂದ ಮೇಲೆ ಕಂಡರೆ ದೂರ ಇರಿ. ನಮ್ಮವರ ವಾಟ್ಸ್ಯಾಪ್ ಗುಂಪಿನಲ್ಲೂ ಕೇಳಿ, ಆದರೆ ಅಲ್ಲಿ 'ಸೂಪರ್ ಕಂಪನಿ' ಅಂದವರು ಆ ಕಂಪನಿ ಬಿಟ್ಟು ಎಷ್ಟು ವರ್ಷ ಆಯಿತು ಅಂತಲೂ ಕೇಳಿ.

ಇನ್ನು ದುಡ್ಡಿನ ವಿಷಯ. 2024ರ ಡಿಸೆಂಬರ್ 31ರಿಂದ ಸ್ಕಿಲ್ಡ್ ವರ್ಕರ್‌ಗೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ (ವೀಸಾ ಅರ್ಜಿಗೆ ಬೇಕಾದದ್ದು) ಶುಲ್ಕವನ್ನು ಕಂಪನಿ ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಬೆಂಗಳೂರಿನ ಏಜೆಂಟ್ ಆಗಲಿ, ಇಲ್ಲಿನ ಮ್ಯಾನೇಜರ್ ಆಗಲಿ, ಸರ್ಟಿಫಿಕೇಟಿಗೆ ಇಷ್ಟು ಲಕ್ಷ ಅಂದರೆ ಆ ಇಂಟರ್‌ವ್ಯೂಗೆ ಹೋಗಲೇಬೇಡಿ.