ಕಂಬಳಿಯೊಳಗೆ ಬೇಯುವ ಪಾತ್ರೆ, ಹೊರಗೆ ಕರಗುವ ಮಂಜು

ಚಳಿಗಾಲದ ಬೆಳಗಿನಲ್ಲಿ ಒಂದು ತಕರಾರಿದೆ. ಮಂಜು, ಇಬ್ಬನಿ, ಓರೆಬಿಸಿಲು ಎಲ್ಲವೂ ಸೂರ್ಯೋದಯದ ಆಚೀಚೆ ಎರಡು-ಮೂರು ಗಂಟೆಯಲ್ಲಿ ಮುಗಿದುಹೋಗುತ್ತವೆ. ಚಳಿಗೆ ಹಿತವಾದ ಕಾಳು-ಗೆಡ್ಡೆಗಳ ಅಡುಗೆ ಬೇಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಒಲೆ ಕಾಯುತ್ತ ಕೂತರೆ ಮಂಜು ಹೋಯಿತು. ಮಂಜು ನೋಡಲು ಹೋದರೆ ಪಾತ್ರೆ ತಳ ಹಿಡಿಯಿತು. ಪ್ರೆಷರ್ ಕುಕ್ಕರ್ ಇದೆಯಲ್ಲ ಎನ್ನಬಹುದು. ಅದರಲ್ಲಿ ಕಾಳು ಬೇಗ ಬೇಯುತ್ತದೆ ನಿಜ, ಆದರೆ ಜೊತೆಗೆ ಹಾಕಿದ ಕ್ಯಾರೆಟ್, ಆಲೂಗಡ್ಡೆ ಕರಗಿ ಮುದ್ದೆಯಾಗುತ್ತವೆ. ನಾನು ಹಿಡಿದಿರುವ ದಾರಿ ಬೇರೆ: ಕುದಿಸಿ, ಒಲೆ ಆರಿಸಿ, ಪಾತ್ರೆಗೆ ಕಂಬಳಿ ಹೊದಿಸಿ ಹೊರಟುಬಿಡುವುದು. ಉಳಿದದ್ದನ್ನು ಪಾತ್ರೆಯೊಳಗಿನ ಕಾವೇ ನೋಡಿಕೊಳ್ಳುತ್ತದೆ.

ಕೆಲಸ ಶುರುವಾಗುವುದು ಹಿಂದಿನ ರಾತ್ರಿ, ಹವಾಮಾನ ನೋಡುವುದರಿಂದ. ಮಂಜು ಬೀಳುತ್ತದೋ ಇಲ್ಲವೋ ಎಂದು ಊಹಿಸಲು ಮೂರು ಸಂಗತಿ ಸಾಕು. ಆಕಾಶ ನಿಚ್ಚಳವಾಗಿರಬೇಕು, ಮೋಡವಿದ್ದರೆ ನೆಲದ ಬಿಸಿ ಮೇಲೆ ಹೋಗದೆ ಅಲ್ಲೇ ಉಳಿಯುತ್ತದೆ. ಗಾಳಿ ಹೆಚ್ಚುಕಡಿಮೆ ನಿಂತಿರಬೇಕು. ಬೀಸುವ ಗಾಳಿ ತಣ್ಣಗಾದ ನೆಲದ ಪದರವನ್ನು ಮೇಲಿನ ಬೆಚ್ಚನೆಯ ಗಾಳಿಯೊಂದಿಗೆ ಕಲಸಿಬಿಡುತ್ತದೆ. ಮೂರನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ, ಹವಾಮಾನದ ಆ್ಯಪ್‌ಗಳಲ್ಲಿ ತೋರಿಸುವ ಡ್ಯೂ ಪಾಯಿಂಟ್. ರಾತ್ರಿಯ ಕನಿಷ್ಠ ಉಷ್ಣಾಂಶ ಈ ಅಂಕಿಯ ಹತ್ತಿರಕ್ಕೆ, ಒಂದೆರಡು ಡಿಗ್ರಿ ಅಂತರಕ್ಕೆ ಇಳಿಯುವುದಿದ್ದರೆ ಅಲಾರಂ ಇಡಬಹುದು. ಎರಡು ದಿನದ ಹಿಂದೆ ಮಳೆ ಬಿದ್ದು ನೆಲ ಒದ್ದೆಯಾಗಿದ್ದರೆ, ಹತ್ತಿರದಲ್ಲಿ ಕೆರೆಯೋ ತಗ್ಗು ಬಯಲೋ ಇದ್ದರೆ ಇನ್ನೂ ಒಳ್ಳೆಯದು. ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿದು ಅಲ್ಲೇ ನಿಲ್ಲುತ್ತದೆ. ಮಂಜಿಗೆ ಹೊಗೆಯ ವಾಸನೆ, ಹಳದಿ ಛಾಯೆ ಇದ್ದರೆ ಮಾತ್ರ ಮನೆಯಲ್ಲೇ ಇರಿ. ಅದು ನೋಡುವ ಮಂಜಲ್ಲ, ಉಸಿರು ಕಟ್ಟಿಸುವ ಮಂಜು.

ಅದೇ ರಾತ್ರಿ ಕಾಳು ನೆನೆಹಾಕಬೇಕು. ನಾಲ್ಕು ಜನಕ್ಕೆ 250 ಗ್ರಾಂ ರಾಜ್ಮಾ, ಒಂದೂಕಾಲು ಲೀಟರ್ ನೀರು, 15 ಗ್ರಾಂ ಉಪ್ಪು, ಅಂದರೆ ಸುಮಾರು ಎರಡೂವರೆ ಟೀ ಚಮಚ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ಎಲ್ಲ ಅಡುಗೆಮನೆಯಲ್ಲೂ ಇದೆ. ನೆನೆಸುವ ನೀರಿನ ಮಟ್ಟಿಗೆ ಅದು ಉಲ್ಟಾ: ಸಿಪ್ಪೆಯನ್ನು ಬಿಗಿಹಿಡಿದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಗಕ್ಕೆ ಉಪ್ಪಿನ ಸೋಡಿಯಂ ಬಂದು ಸಿಪ್ಪೆ ಮೆತ್ತಗಾಗುತ್ತದೆ, ಒಡೆಯುವುದೂ ಕಡಿಮೆ. ಬೇಯದಂತೆ ತಡೆಯುವುದು ಹುಳಿ. ಟೊಮೆಟೊ, ನಿಂಬೆ, ಹುಣಸೆ ಏನಿದ್ದರೂ ಕಾಳು ಬೆಂದ ಮೇಲೇ ಹಾಕಬೇಕು. ನಿಮ್ಮದು ಗಡಸು ನೀರಾದರೆ ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಕೂತ ಹಳೇ ಕಾಳಿಗೆ ಈ ಯಾವ ಉಪಾಯವೂ ನಾಟುವುದಿಲ್ಲ.

ಸೂರ್ಯೋದಯಕ್ಕೆ ಒಂದೂಕಾಲು ಗಂಟೆ ಮುಂಚೆ ಒಲೆ ಹಚ್ಚಬೇಕು. ನೆನೆದ ನೀರನ್ನು ಚೆಲ್ಲಿ, ಕಾಳನ್ನು ತೊಳೆದು, ಮೂರು ಲೀಟರಿನ ದಪ್ಪ ತಳದ ಪಾತ್ರೆಯಲ್ಲಿ ಒಂದೂಕಾಲು ಲೀಟರ್ ಹೊಸ ನೀರಿಗೆ ಹಾಕಿ 20 ನಿಮಿಷ ಕೊತಕೊತ ಕುದಿಸಿ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆಗೆ ಒಂದು ದೊಡ್ಡ ಈರುಳ್ಳಿ ಹೆಚ್ಚಿ ಹಾಕಿ, ಅಂಚು ಕಂದಾಗುವವರೆಗೆ ಹುರಿದು, ಆರು ಎಸಳು ಬೆಳ್ಳುಳ್ಳಿ, ಎರಡಂಗುಲ ಶುಂಠಿ, ಒಂದು ಟೀ ಚಮಚ ಕುಟ್ಟಿದ ಕಾಳುಮೆಣಸು ಸೇರಿಸಿ. ಇದನ್ನೂ, ಮೂರು ಸೆಂಟಿಮೀಟರ್ ಹೋಳು ಮಾಡಿದ 200 ಗ್ರಾಂ ಕ್ಯಾರೆಟ್, 250 ಗ್ರಾಂ ಆಲೂಗಡ್ಡೆಯನ್ನೂ ಕಾಳಿಗೆ ಹಾಕಿ, ಮತ್ತೆ ಕುದಿ ಬಂದ ಮೇಲೆ 10 ನಿಮಿಷ. ನೀರು ಇಳಿದಿದ್ದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಹುಯ್ದರೆ ಸಂಗ್ರಹಿಸಿದ ಕಾವೆಲ್ಲ ಅದಕ್ಕೇ ಖರ್ಚಾಗುತ್ತದೆ.

ಈ 30 ನಿಮಿಷದ ಕುದಿಯಲ್ಲಿ ಚೌಕಾಸಿ ಬೇಡ. ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಕಾರಿ ಅಂಶವಿದೆ. ಚೆನ್ನಾಗಿ ಕುದಿಸಿದರೆ ನಾಶವಾಗುತ್ತದೆ, 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಂದ ಬಿಸಿಯಲ್ಲಿ ಆಗುವುದಿಲ್ಲ. ನೆನೆದ ಕಾಳಿಗೆ ಬಿಸಿನೀರು ಹುಯ್ದು ನೇರವಾಗಿ ಕಂಬಳಿಗೆ ಹಾಕಿದರೆ ಮೇಲ್ನೋಟಕ್ಕೆ ಮೆತ್ತಗಾದ, ಆದರೆ ಕೆಲವೇ ಗಂಟೆಯಲ್ಲಿ ವಾಂತಿ-ಭೇದಿ ತರುವ ಊಟ ಸಿದ್ಧವಾಗುತ್ತದೆ. ಎತ್ತರದ ಜಾಗದಲ್ಲಿ ಇರುವವರು ಇನ್ನೂ ಹತ್ತು ನಿಮಿಷ ಸೇರಿಸಿಕೊಳ್ಳಿ. ಪ್ರತಿ 300 ಮೀಟರಿಗೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, 1,500 ಮೀಟರಿನಲ್ಲಿ 95ರ ಹತ್ತಿರವೇ ಕುದಿ ಬಂದುಬಿಡುತ್ತದೆ.

ಒಲೆ ಆರಿಸುವ ಮುಂಚೆ ಒಂದೂವರೆ ಟೀ ಚಮಚ ಉಪ್ಪು ಹಾಕಿ, ಮುಚ್ಚಳ ಮುಚ್ಚಿ, ಎರಡು ನಿಮಿಷ ಹಾಗೇ ಬಿಡಿ. ಮುಚ್ಚಳವೂ ಆವಿಯಿಂದ ಕಾಯಲಿ. ಪೆಟ್ಟಿಗೆ ಯಾವುದಾದರೂ ನಡೆಯುತ್ತದೆ: ರಟ್ಟಿನದು, ಪ್ಲಾಸ್ಟಿಕ್ ಕ್ರೇಟು, ಐಸ್ ಬಾಕ್ಸು. ತಳದಲ್ಲಿ ಮಡಿಸಿದ ದಪ್ಪ ಹತ್ತಿಬಟ್ಟೆ ಇರಬೇಕು, ಏಕೆಂದರೆ ಒಲೆಯಿಂದ ಇಳಿದ ಪಾತ್ರೆಯ ತಳಕ್ಕೆ ನೈಲಾನ್ ಕಂಬಳಿ ಹಾಳಾಗಬಹುದು. ಸುತ್ತಲೂ ಮೇಲೂ 8ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಕಂಬಳಿ, ಹಳೆಯ ಸ್ವೆಟರು, ಮೇಲೊಂದು ದಿಂಬು. ಸಂದು ಉಳಿಯದ ಹಾಗೆ ಒತ್ತಿ ತುರುಕಿ. ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ, ಓಡಾಡುವ ಗಾಳಿಯಲ್ಲ. ಪೆಟ್ಟಿಗೆಯನ್ನು ಒಲೆಯಿಂದ ದೂರ ಇಟ್ಟು ಒಲೆ ಆರಿದೆಯೇ ಎಂದು ಇನ್ನೊಮ್ಮೆ ನೋಡಿಯೇ ಬಾಗಿಲು ಹಾಕಿ.

ಪಾತ್ರೆ ಮುಕ್ಕಾಲು ತುಂಬಿರಲೇಬೇಕು. ಮೂರು ಲೀಟರಿನ ಪಾತ್ರೆಯಲ್ಲಿ ಒಂದು ಲೀಟರ್ ಸಾರು ಮಾಡಿ ಆರಿಹೋಯಿತು ಎಂದು ದೂರುವುದೇ ಇಲ್ಲಿ ಆಗುವ ಮಾಮೂಲಿ ತಪ್ಪು. ಕಾವು ಹಿಡಿದಿಡುವುದು ಒಳಗಿನ ಪದಾರ್ಥ, ಕಳೆದುಕೊಳ್ಳುವುದು ಪಾತ್ರೆಯ ಮೈ. ಪದಾರ್ಥ ಕಡಿಮೆಯಾದಷ್ಟೂ ಅದರ ಲೆಕ್ಕಕ್ಕೆ ಮೈ ಜಾಸ್ತಿಯಾಗುತ್ತದೆ. ಇಬ್ಬರಿಗಷ್ಟೇ ಮಾಡುವುದಿದ್ದರೆ ಚಿಕ್ಕ ಪಾತ್ರೆ ಹಿಡಿಯಿರಿ, ಕುದಿ ಮುಗಿದ ತಕ್ಷಣ ಹೊದಿಸಿ, ಎರಡು ಗಂಟೆ ಕಳೆದ ಮೇಲೆ ತೆಗೆಯಿರಿ.

ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವಾಗ ಹೊರಗೆ ಹೆಜ್ಜೆ. ಮೈಗೆ ಹತ್ತುವ ಮೊದಲ ಪದರ ಹತ್ತಿಯದ್ದಾಗದಿರಲಿ. ನಡೆದು ಬೆವತರೆ ಅದು ಒದ್ದೆಯಾಗಿಯೇ ಉಳಿದು ನಿಂತಾಗ ನಡುಗಿಸುತ್ತದೆ. ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಐದು ನಿಮಿಷ ಬಿಟ್ಟು, ಚೆಲ್ಲಿ, ಆಮೇಲೆ ಶುಂಠಿ ಕಷಾಯ ಹಾಕಿದರೆ ಬಿಸಿ ಹೆಚ್ಚು ಹೊತ್ತು ಇರುತ್ತದೆ.

ಸೂರ್ಯ ಹುಟ್ಟಿದ ಕೂಡಲೇ ಮಂಜು ಕರಗುತ್ತದೆ ಎಂದುಕೊಂಡು ಬಹಳ ಜನ ಬೇಗ ವಾಪಸಾಗುತ್ತಾರೆ. ಎಷ್ಟೋ ಸಲ ಹುಟ್ಟಿದ ಮೊದಲ ಅರ್ಧ ಗಂಟೆಯಲ್ಲಿ ಮಂಜು ಇನ್ನೂ ದಟ್ಟವಾಗುತ್ತದೆ. ಎಳೆಬಿಸಿಲು ನೆಲದ ತೇವವನ್ನೂ ಗಾಳಿಯನ್ನೂ ತುಸುವೇ ಕಲಕುತ್ತದೆ, ಓಡಿಸುವಷ್ಟು ಕಾವು ಅದಕ್ಕಿನ್ನೂ ಇರುವುದಿಲ್ಲ. ನಿಲ್ಲಿ. ಮಂಜು ತೆಳುವಾಗತೊಡಗಿದಾಗ ಸೂರ್ಯನಿಗೆ ಬೆನ್ನು ಹಾಕಿ ಎದುರು ನೋಡಿದರೆ ಬಿಳಿಯ ಕಮಾನು ಕಾಣಿಸಬಹುದು. ಕಾಮನಬಿಲ್ಲಿನದೇ ಆಕಾರ, ಬಣ್ಣ ಮಾತ್ರ ಇಲ್ಲ. ಮಂಜಿನ ಹನಿ ತೀರಾ ಸಣ್ಣದು, ಹಾಗಾಗಿ ಬಣ್ಣಗಳು ಹರಡಿ ಒಂದರ ಮೇಲೊಂದು ಬಿದ್ದು ಬೆಳ್ಳಗಾಗುತ್ತವೆ.

ಆಮೇಲೆ ಕುಕ್ಕರಗಾಲಲ್ಲಿ ಕೂತು ಒಂದೇ ಒಂದು ಹುಲ್ಲೆಸಳು ನೋಡಿ. ಎಸಳಿನ ಮೈತುಂಬ ರವೆಯಂತೆ ಹರಡಿದ ಸಣ್ಣ ಹನಿಗಳು ಇಬ್ಬನಿ. ತುದಿಯಲ್ಲಿ ಒಂಟಿಯಾಗಿ ತೂಗುವ, ಮುಟ್ಟಿದರೆ ಜಾರುವ ದೊಡ್ಡ ಹನಿ ಇಬ್ಬನಿಯಲ್ಲ. ರಾತ್ರಿ ಎಲೆಯಿಂದ ನೀರು ಆವಿಯಾಗುವುದು ನಿಂತಾಗ ಬೇರು ಮೇಲಕ್ಕೆ ಒತ್ತಿದ ನೀರು ತುದಿಯ ರಂಧ್ರದಿಂದ ಹೊರಬಂದದ್ದು ಅದು. ಎದ್ದು ನಿಂತು, ಹುಲ್ಲಿನ ಮೇಲೆ ಬಿದ್ದ ನಿಮ್ಮ ನೆರಳು ನೋಡಿಕೊಂಡರೆ ತಲೆಯ ಸುತ್ತ ಬೆಳಕಿನ ಪ್ರಭೆ! ಇಬ್ಬನಿ ಹನಿಗಳು ಬಿಸಿಲನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುವುದರಿಂದ ಹೀಗಾಗುತ್ತದೆ. ಪಕ್ಕದವರಿಗೆ ಕಾಣುವುದು ಅವರವರ ತಲೆಯದು ಮಾತ್ರ, ನಿಮ್ಮದಲ್ಲ. ಜೇಡರ ಬಲೆಗೆ ಇದರ ಉಲ್ಟಾ ಲೆಕ್ಕ, ಸೂರ್ಯನ ಕಡೆಗೆ ಮುಖ ಮಾಡಿ ನೋಡಬೇಕು. ಫೋಟೊ ತೆಗೆಯುವವರು ಎಕ್ಸ್‌ಪೋಷರನ್ನು ಒಂದು ಹೆಜ್ಜೆ ಏರಿಸಿಕೊಳ್ಳಿ, ಇಲ್ಲದಿದ್ದರೆ ಬಿಳಿ ಮಂಜನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಮನೆಯೊಳಗೆ ಬರುವ ಮುಂಚೆ ಅದನ್ನು ಚೀಲದಲ್ಲಿ ಕಟ್ಟಿ, ಒಳಗಿನ ಬಿಸಿಗೆ ಹೊಂದಿಕೊಂಡ ಮೇಲೆ ಬಿಚ್ಚಿ. ಲೆನ್ಸಿಗೆ ನೀರು ಕೂರುವುದಿಲ್ಲ.

ಹೊದಿಸಿ ಮೂರು ಗಂಟೆ ಕಳೆದ ಮೇಲೆ ಪೆಟ್ಟಿಗೆ ತೆರೆಯಬಹುದು. ಅದಕ್ಕೂ ಮುಂಚೆ ಬೆಂದಿತೇ ಎಂದು ಇಣುಕಬೇಡಿ, ಪ್ರತಿ ಇಣುಕಿಗೂ ಆವಿ ಹೋಗುತ್ತದೆ. ಒಂದಲ್ಲ, ಐದು ಕಾಳು ತೆಗೆದು ಬೆರಳಲ್ಲಿ ಹಿಚುಕಿ. ಐದೂ ನಡುವೆ ಗಟ್ಟಿ ಉಳಿಯದೆ ಬೆಣ್ಣೆಯಂತೆ ಹಿಸುಕಿದರೆ ಆಯಿತು. ಈಗ ಹೆಚ್ಚಿದ ಎರಡು ಟೊಮೆಟೊ ಹಾಕಿ ಐದು ನಿಮಿಷ ಮತ್ತೆ ಕುದಿಸಿ. ಎಷ್ಟೇ ಬಿಸಿಯಾಗಿ ಕಂಡರೂ ಈ ಎರಡನೇ ಕುದಿ ಬಿಡುವಂತಿಲ್ಲ. ಅಡುಗೆ ಥರ್ಮಾಮೀಟರ್ ಇದ್ದರೆ ತೆರೆದ ಕೂಡಲೇ ಅದ್ದಿ ನೋಡಿ. 60 ಡಿಗ್ರಿಗಿಂತ ಕೆಳಗಿದ್ದರೆ ಹೊದಿಕೆ ಸಾಲದು ಎಂದರ್ಥ. ಎಷ್ಟು ಹೊತ್ತಿನಿಂದ ಹಾಗಿತ್ತೋ ತಿಳಿಯದಿದ್ದರೆ ಅದನ್ನು ಚೆಲ್ಲುವುದೇ ಸರಿ. ನೀರು ಹೆಚ್ಚಾಯಿತು ಅನ್ನಿಸಿದರೆ ಎರಡು ಹೋಳು ಆಲೂಗಡ್ಡೆ ಕಿವುಚಿ. ಕಂಬಳಿಯೊಳಗೆ ನೀರು ಆವಿಯಾಗುವುದಿಲ್ಲ, ಒಲೆಯ ಮೇಲೆ ಬೇಯಿಸುವ ಅಳತೆಯಲ್ಲಿ ಹುಯ್ದವರಿಗೆಲ್ಲ ಮೊದಲ ಸಲ ತೆಳ್ಳಗೇ ಆಗುತ್ತದೆ.

ಉಳಿದದ್ದನ್ನು ಚಳಿಯಿದೆಯಲ್ಲ ಎಂದು ರಾತ್ರಿಯಿಡೀ ಒಲೆಕಟ್ಟೆಯ ಮೇಲೆ ಬಿಡಬೇಡಿ. ತುಂಬಿದ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಅಗಲವಾದ ತಟ್ಟೆಗೆ ತೆಳುವಾಗಿ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮರುದಿನಕ್ಕೆ ಗಟ್ಟಿಯಾಗಿರುತ್ತದೆ, ಅರ್ಧ ಲೋಟ ನೀರು ಬೆರೆಸಿ ಕುದಿಸಿದರೆ ಸರಿಹೋಗುತ್ತದೆ.